ಸಣ್ಣ ವಿಮಾನದ ಬಿಡಿಭಾಗ: ಬಿಚ್ಚುವ ಮೊದಲು, ಕೂರಿಸಿದ ಮೇಲೆ

ನಾನು ಮುಂಬೈನ ಜುಹೂ ಹ್ಯಾಂಗರ್‌ಗೆ ಬಂದಿದ್ದು ಒಂದು ಮಳೆಗಾಲದಲ್ಲಿ. ಕುಮಟಾದವನಿಗೆ ಮಳೆ ಹೊಸದಲ್ಲ, ವಿಮಾನ ನಿಲ್ಲುವ ಹ್ಯಾಂಗರ್ ಹೊಸದು. ಮೊದಲ ದಿನ ಕೊಟ್ಟ ಕೆಲಸ ಒಂದೇ. ಸೆಸ್ನಾ 172 ಅನ್ನುವ ಸಣ್ಣ ವಿಮಾನದ ಕೌಲಿಂಗ್, ಅಂದರೆ ಇಂಜಿನ್ ಮುಚ್ಚಳ, ತೆಗೆಯುವಾಗ ಸ್ಕ್ರೂ ಎಣಿಸಿ ಡಬ್ಬಿಗೆ ಹಾಕಬೇಕು, ವಾಪಸ್ ಕೂರಿಸುವಾಗ ಮತ್ತೆ ಎಣಿಸಬೇಕು. ಇದಕ್ಕಾ ಇಷ್ಟು ಓದಿದ್ದು ಅನಿಸಿತ್ತು. ಸಂಜೆ ಒಂದು ಸ್ಕ್ರೂ ಕಮ್ಮಿ ಬಂತು. ರಾತ್ರಿ ಒಂಬತ್ತರವರೆಗೆ ನಾಲ್ಕು ಜನ ಟಾರ್ಚ್ ಹಿಡಿದು ಇಂಜಿನ್ ಸಂದಿಗೊಂದಿ ಹುಡುಕಿದೆವು. ಕೊನೆಗೆ ಅದು ಸಿಕ್ಕಿದ್ದು ನನ್ನ ಶೂ ಅಡಿಯ ರಬ್ಬರ್ ಗೀರಿನಲ್ಲಿ! ಯಾರೂ ಬೈಯಲಿಲ್ಲ. ಮರುದಿನ ಡಬ್ಬಿ ಮತ್ತೆ ನನ್ನ ಕೈಗೇ ಬಂತು.

ಈಗ ಜುಹೂನಲ್ಲಿ ಹೆಚ್ಚಾಗಿ ಹೆಲಿಕಾಪ್ಟರ್‌ಗಳದ್ದೇ ಓಡಾಟ. ಸಣ್ಣ ತರಬೇತಿ ವಿಮಾನ ನೋಡಬೇಕೆಂದರೆ ಪುಣೆ ಜಿಲ್ಲೆಯ ಬಾರಾಮತಿಗೋ ಧುಳೆಗೋ ಹೋಗಬೇಕು. ನಾನೂ ಬಾರಾಮತಿ ಕಡೆಗೇ ಬಂದೆ. ಪ್ರತಿ ವರ್ಷ ಊರ ಕಡೆಯ ಒಬ್ಬಿಬ್ಬರು ಹುಡುಗರು, ಈಚೆಗೆ ಹುಡುಗಿಯರೂ, ಮೆಂಟೆನೆನ್ಸ್ ಕಲಿಯಲು ಮುಂಬೈ, ಪುಣೆಗೆ ಬರುತ್ತಾರೆ. "ಸರ್, ರೂಲ್ಸ್ ಎಲ್ಲಾ ತಲೆಗೆ ಹತ್ತಲ್ಲ" ಅಂತ ಫೋನ್ ಮಾಡುತ್ತಾರೆ. ರೂಲ್ಸ್ ಬಾಯಿಪಾಠ ಮಾಡಿದರೆ ತಲೆಗೆ ಹತ್ತುವುದಿಲ್ಲ. ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ಹೋದರೆ ಹತ್ತುತ್ತದೆ. ಹಾಗಾಗಿ ಇಲ್ಲಿ ಒಂದೇ ಕೆಲಸ ತೆಗೆದುಕೊಳ್ಳುತ್ತೇನೆ: ಸೆಸ್ನಾ 172ರ ಒಂದು ಮ್ಯಾಗ್ನೆಟೊ ಬಿಚ್ಚಿ, 500 ಗಂಟೆಯ ತಪಾಸಣೆಗೆ ಕಳಿಸಿ, ವಾಪಸ್ ಕೂರಿಸುವುದು. ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಹುಟ್ಟಿಸುವ ಪುಟ್ಟ ಯಂತ್ರ ಅದು. ಇಂಜಿನ್ ಹಿಂಬದಿಯಲ್ಲಿ ಅಂಥವು ಎರಡು ಇರುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ಸ್ಪ್ಯಾನರ್ ಹಿಡಿಯಬೇಡಿ. ಅಂಕಿಗಳು ಬೇಕೆಂದರೆ ನಿಮ್ಮ ವಿಮಾನದ ಮ್ಯಾನ್ಯುಯಲ್ ನೋಡಿ. ಅದರ ಹೊಸ ಆವೃತ್ತಿಯನ್ನೇ ನೋಡಿ.

ಯಾರು ಮಾಡಬಹುದು, ಯಾರು ಸಹಿ ಹಾಕಬಹುದು

ನಮ್ಮ ದೇಶದಲ್ಲಿ ಇದೆಲ್ಲ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಕೈಕೆಳಗೆ ಬರುತ್ತದೆ. 1934ರ ಏರ್‌ಕ್ರಾಫ್ಟ್ ಆಕ್ಟ್ ಹೋಗಿ, ಭಾರತೀಯ ವಾಯುಯಾನ ಅಧಿನಿಯಮ 2024 ಬಂದಿದೆ. ಅದು ಜಾರಿಯಾಗಿದ್ದು 2025ರ ಜನವರಿ 1ರಿಂದ. ಅದರ ಕೆಳಗೆ ಸಿಎಆರ್ ಅನ್ನುವ ನಿಯಮಾವಳಿಗಳಿವೆ. ಮೂರು ನೆನಪಿಟ್ಟರೆ ಸದ್ಯಕ್ಕೆ ಸಾಕು. ಕೆಲಸ ಮಾಡುವ ಸಂಸ್ಥೆಗೆ ಸಿಎಆರ್-145. ಸಹಿ ಹಾಕುವ ಇಂಜಿನಿಯರ್ ಲೈಸೆನ್ಸ್‌ಗೆ ಸಿಎಆರ್-66. ವಿಮಾನವನ್ನು ಸದಾ ಹಾರಲು ಯೋಗ್ಯವಾಗಿ ಇಟ್ಟುಕೊಳ್ಳುವ ಹೊಣೆಗೆ ಸಿಎಆರ್-ಎಂ.

ಪಿಸ್ಟನ್ ಇಂಜಿನ್ ವಿಮಾನಕ್ಕೆ ಬಿ1.2 ವರ್ಗದ ಲೈಸೆನ್ಸ್ ಬೇಕು. ಲೈಸೆನ್ಸ್ ಜೇಬಿನಲ್ಲಿದ್ದರೆ ಮುಗಿಯಲಿಲ್ಲ. ಹಿಂದಿನ ಎರಡು ವರ್ಷದಲ್ಲಿ ಕನಿಷ್ಠ ಆರು ತಿಂಗಳ ಕೆಲಸದ ಅನುಭವ ಇರಬೇಕು. ಕಲಿಯುವವರು ಸ್ಪ್ಯಾನರ್ ತಿರುಗಿಸಬಹುದು, ಆದರೆ ಲೈಸೆನ್ಸ್ ಇದ್ದವರ ಕಣ್ಣೆದುರು. "ಹಾರಲು ಸಿದ್ಧ" ಅಂತ ಬರೆದು ಸಹಿ ಹಾಕುವುದು ಅವರ ಕೆಲಸ, ನಿಮ್ಮದಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದವರು ಇಂಗ್ಲಿಷ್ ಮ್ಯಾನ್ಯುಯಲ್ ನೋಡಿ ಹೆದರುತ್ತಾರೆ. ನಾನೂ ಹೆದರಿದ್ದೆ. ನಿಜ ಹೇಳಬೇಕೆಂದರೆ ಅದು ಪತ್ರಿಕೆಯ ಇಂಗ್ಲಿಷ್‌ಗಿಂತ ಸುಲಭ. ಚಿಕ್ಕ ವಾಕ್ಯ, ಅದೇ ಇನ್ನೂರು ಮುನ್ನೂರು ಪದಗಳು ಮತ್ತೆ ಮತ್ತೆ. ಮೂರು ತಿಂಗಳಲ್ಲಿ ಅಭ್ಯಾಸ ಆಗುತ್ತದೆ. ಆದರೆ "ವಾರ್ನಿಂಗ್", "ಕಾಷನ್", "ನೋಟ್" ಈ ಮೂರರ ವ್ಯತ್ಯಾಸ ಮೊದಲ ದಿನವೇ ತಿಳಿದಿರಲಿ. ಮೊದಲನೆಯದು ಮನುಷ್ಯನಿಗೆ ಪೆಟ್ಟಾಗುವ ವಿಷಯ. ಎರಡನೆಯದು ಯಂತ್ರಕ್ಕೆ ಪೆಟ್ಟಾಗುವ ವಿಷಯ. ಮೂರನೆಯದು ಸುಮ್ನೆ ಮಾಹಿತಿ.

ಬಿಚ್ಚುವ ಮೊದಲು ಕಾಗದ

ಕೆಲಸ ಶುರುವಾಗುವುದು ಟೇಬಲ್ ಮೇಲೆ. ಇಂಜಿನ್ ಲಾಗ್‌ಬುಕ್ ತೆಗೆದು ಎಷ್ಟು ಗಂಟೆ ಓಡಿದೆ ನೋಡಿ. ಈ ಮ್ಯಾಗ್ನೆಟೊ ಯಾವಾಗ ಕೂರಿಸಿದ್ದು, ಅದರ ಸೀರಿಯಲ್ ನಂಬರ್ ಏನು, ಲಾಗ್‌ಬುಕ್‌ನಲ್ಲಿ ಬರೆದಿರುವುದೂ ಅದರ ಮೈಮೇಲಿನ ಪ್ಲೇಟ್‌ನಲ್ಲಿ ಇರುವುದೂ ಒಂದೇನಾ ಅಂತ ತಾಳೆ ಹಾಕಿ. ಆ ಭಾಗದ ಮೇಲೆ ಏರ್‌ವರ್ದಿನೆಸ್ ಡೈರೆಕ್ಟಿವ್ (ಸರ್ಕಾರದ ಸುರಕ್ಷತಾ ಆದೇಶ) ಇದೆಯಾ ನೋಡಿ. ಇದ್ದರೆ ಅದು ಕಡ್ಡಾಯ. ಮಾಡದೆ ವಿಮಾನ ಹಾರಿಸುವಂತಿಲ್ಲ. ಸರ್ವಿಸ್ ಬುಲೆಟಿನ್ ಅನ್ನುವುದು ತಯಾರಕರ ಸಲಹೆ. ಅದನ್ನು ಪಾಲಿಸಬೇಕೋ ಬೇಡವೋ ಅನ್ನುವುದನ್ನು ನೀವು ತೀರ್ಮಾನಿಸಬೇಡಿ. ಮೇಲಿನವರನ್ನು ಕೇಳಿ.

ಆಮೇಲೆ ಐಪಿಸಿ. ಪೊಲೀಸರ ಐಪಿಸಿ ಅಲ್ಲ ಮತ್ತೆ! ಚಿತ್ರಗಳಿರುವ ಪಾರ್ಟ್‌ಗಳ ಪಟ್ಟಿ. ಅಲ್ಲಿ ಪಾರ್ಟ್ ನಂಬರ್ ಪಕ್ಕದಲ್ಲಿ ಯಾವ ಸೀರಿಯಲ್‌ನಿಂದ ಯಾವ ಸೀರಿಯಲ್‌ವರೆಗಿನ ವಿಮಾನಕ್ಕೆ ಅಂತ ಬರೆದಿರುತ್ತದೆ. ಹೊಸಬರು ಆ ಸಾಲು ಓದುವುದೇ ಇಲ್ಲ. ಎರಡು ಸೆಸ್ನಾಗಳು ಅಕ್ಕಪಕ್ಕ ನಿಂತರೆ ಅವಳಿ ಜವಳಿ ಥರ ಕಾಣುತ್ತವೆ. ಒಳಗಿನ ಭಾಗ ಬೇರೆ ಇರಬಹುದು.

ಕಳೆದ ವರ್ಷ ವಿಜಯಪುರದ ಒಬ್ಬಳು ಹುಡುಗಿ ತರಬೇತಿಗೆ ಬಂದಿದ್ದಳು. ಚುರುಕು. ಹಳೇ ಬೋಲ್ಟ್ ಒಂದನ್ನು ಹಿಡಿದು ಸ್ಟೋರ್‌ಗೆ ಹೋಗಿ ಅಂಥದ್ದೇ ಇನ್ನೊಂದು ತಂದಳು. "ಸರ್, ಎರಡೂ ಒಂದೇ ಥರ ಅದಾವಲ್ರೀ, ಮತ್ತ್ಯಾಕ ಬುಕ್ ನೋಡಬೇಕು?" ಅಂದಳು. ಒಳ್ಳೆಯ ಪ್ರಶ್ನೆ. ಅವಳಿಗೆ ಹೇಳಿದ ಕತೆಯನ್ನೇ ಇಲ್ಲಿ ಹೇಳುತ್ತೇನೆ.

1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ 5390 ನಂಬರಿನ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ಗೆ ಹೊರಟಿತು. ಸುಮಾರು 17,000 ಅಡಿ ಎತ್ತರದಲ್ಲಿ ಪೈಲಟ್ ಎದುರಿನ ಗಾಜು ಕಿತ್ತು ಹಾರಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ. ಸಿಬ್ಬಂದಿ ಕಾಲು ಹಿಡಿದುಕೊಂಡರು, ಸಹ ಪೈಲಟ್ ವಿಮಾನ ಇಳಿಸಿದರು, ಎಲ್ಲರೂ ಬದುಕಿದರು. ಆ ಗಾಜು ಬದಲಿಸಿ ಇನ್ನೂ 27 ಗಂಟೆ ಆಗಿತ್ತಷ್ಟೆ. ಕೂರಿಸಿದ 90 ಬೋಲ್ಟ್‌ಗಳಲ್ಲಿ 84 ಬೋಲ್ಟ್‌ಗಳ ದಪ್ಪ ಕಮ್ಮಿ, ಇಂಚಿನ ನೂರರಲ್ಲಿ ಎರಡೂವರೆ ಪಾಲಿನಷ್ಟು. ಉಳಿದ ಆರು ದಪ್ಪ ಸರಿ, ಉದ್ದ ಗಿಡ್ಡ. ಮಾಡಿದ ಮನುಷ್ಯ ಸೋಮಾರಿಯಲ್ಲ, ಅನುಭವಸ್ಥ. ಹಳೇ ಬೋಲ್ಟ್ ಹಿಡಿದು ಸ್ಟೋರ್‌ನಲ್ಲಿ ಕಣ್ಣಳತೆಯಲ್ಲಿ ಹೊಂದಿಸಿದ್ದ. ಇನ್ನೊಂದು ವಿಷಯ: ಬಿಚ್ಚಿದ ಹಳೇ ಬೋಲ್ಟ್‌ಗಳೇ ತಪ್ಪು ಅಳತೆಯವು! ಅಂದರೆ ಮೊದಲು ಯಾರೋ ಮಾಡಿದ ತಪ್ಪನ್ನು ಇವನು ಮಾದರಿ ಮಾಡಿಕೊಂಡಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಹ್ಯಾಂಗರ್‌ನಲ್ಲಿ ಆ ಪ್ರಮಾಣ ಅಂದರೆ ಪಾರ್ಟ್ ನಂಬರ್.

ಹುಡುಗಿ ಬೋಲ್ಟ್ ವಾಪಸ್ ಇಟ್ಟು ಐಪಿಸಿ ತೆಗೆದಳು. ತಂದದ್ದು ಸರಿಯಾಗಿಯೇ ಇತ್ತು ಅನ್ನಿ. ಆದರೆ ಈಗ ಅದು ಅವಳಿಗೆ ಗೊತ್ತಾಯಿತು.

ಪಾರ್ಟ್ ಬಂದಾಗ ಏನು ನೋಡಬೇಕು

ನನ್ನ ಪ್ರಕಾರ ಅರ್ಧ ಸುರಕ್ಷತೆ ಇರುವುದು ಸ್ಟೋರ್ ಬಾಗಿಲಲ್ಲಿ. ಮುಂಬೈನಲ್ಲಿ ಇದನ್ನು ಇನ್ನೂ ಒತ್ತಿ ಹೇಳಬೇಕು. ನಾಗದೇವಿ ಸ್ಟ್ರೀಟ್‌ಗೆ ಹೋದರೆ ಸಿಗದ ನಟ್ಟು ಬೋಲ್ಟು ಇಲ್ಲ. ಬೈಕಿಗೆ, ಪಂಪಿಗೆ, ಗಿರಣಿಗೆ ಎಲ್ಲದಕ್ಕೂ ಸಿಗುತ್ತವೆ. ವಿಮಾನಕ್ಕೆ ಮಾತ್ರ ಅಲ್ಲಿಂದ ಒಂದು ವಾಷರ್ ಕೂಡ ತರುವಂತಿಲ್ಲ. ಲೋಹ ಚೆನ್ನಾಗಿಯೇ ಇರಬಹುದು, ಆದರೆ ಅದರ ಹುಟ್ಟು ಯಾರಿಗೂ ಗೊತ್ತಿಲ್ಲ.

ಬಿಡಿಭಾಗ ಸಿಎ ಫಾರ್ಮ್ 1 ಜೊತೆ ಬರಬೇಕು. ಪಾರ್ಟ್ ಬಳಸಲು ಯೋಗ್ಯ ಅಂತ ಹೇಳುವ ಪ್ರಮಾಣಪತ್ರ ಅದು. ಅಮೆರಿಕದಿಂದ ಬಂದರೆ 8130-3, ಯುರೋಪಿನಿಂದ ಬಂದರೆ ಈಸಾ ಫಾರ್ಮ್ 1. ನಟ್ಟು, ಬೋಲ್ಟು, ವಾಷರ್‌ನಂಥ ಸ್ಟ್ಯಾಂಡರ್ಡ್ ಪಾರ್ಟ್‌ಗಳಿಗೆ ಆ ಫಾರ್ಮ್ ಬೇಕಿಲ್ಲ. ಆದರೆ ಯಾವ ಸ್ಪೆಸಿಫಿಕೇಷನ್‌ಗೆ ಮಾಡಿದ್ದು, ಯಾರು ಮಾಡಿದ್ದು ಅನ್ನುವ ಸರ್ಟಿಫಿಕೇಟ್ ಬೇಕು. ಎಣ್ಣೆ, ಗ್ರೀಸ್, ಸೀಲಂಟ್‌ಗೂ ಹಾಗೇ, ಬ್ಯಾಚ್ ನಂಬರ್ ಸಮೇತ.

ನಮ್ಮ ಮ್ಯಾಗ್ನೆಟೊ ತಪಾಸಣೆ ಮುಗಿಸಿ ವಾಪಸ್ ಬಂತು ಅಂದುಕೊಳ್ಳಿ. ಫಾರ್ಮ್‌ನಲ್ಲಿರುವ ಪಾರ್ಟ್ ನಂಬರ್, ಸೀರಿಯಲ್ ನಂಬರ್ ಎರಡನ್ನೂ ಮೈಮೇಲಿನ ಪ್ಲೇಟ್ ಜೊತೆ ಅಕ್ಷರ ಅಕ್ಷರ ಓದಿ ತಾಳೆ ಹಾಕಿ. ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ನೋಡಿದರೆ ಇನ್ನೂ ಒಳ್ಳೆಯದು. ಆಮೇಲೆ ಸ್ಟೇಟಸ್ ಸಾಲು. ಹೊಸದು, ಓವರ್‌ಹಾಲ್ ಆದದ್ದು (ಪೂರ್ತಿ ಬಿಚ್ಚಿ ಸರಿಪಡಿಸಿದ್ದು), ರಿಪೇರಿ ಆದದ್ದು, ಇನ್‌ಸ್ಪೆಕ್ಟ್ ಆದದ್ದು ಇವೆಲ್ಲ ಬೇರೆ ಬೇರೆ. ಇನ್‌ಸ್ಪೆಕ್ಟ್ ಆದದ್ದನ್ನು ಲಾಗ್‌ಬುಕ್‌ನಲ್ಲಿ ಓವರ್‌ಹಾಲ್ ಅಂತ ಬರೆದರೆ ಗಂಟೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ರಿಮಾರ್ಕ್ಸ್ ಜಾಗ ಖಾಲಿ ಇದೆ ಅಂತ ದಾಟಬೇಡಿ. ಖಾಲಿ ಇರಬಾರದ ಕಡೆ ಖಾಲಿ ಇದ್ದರೆ ಫೋನ್ ಮಾಡಿ ಕೇಳಿ.

ಅನುಮಾನ ಬಂದ ಪಾರ್ಟ್ ಕ್ವಾರಂಟೈನ್ ಕಪಾಟಿಗೆ ಹೋಗಬೇಕು, ಬೀಗ ಹಾಕಿ. ಅಕ್ಷರ ಉಜ್ಜಿ ಹೋಗಿದ್ದರೆ, ಪ್ಯಾಕಿಂಗ್ ಮತ್ತೆ ಅಂಟಿಸಿದಂತೆ ಕಂಡರೆ, ಬೆಲೆ ಅತಿ ಅಗ್ಗ ಅನಿಸಿದರೆ ಮೇಲಿನವರಿಗೆ ತಿಳಿಸಿ. 1989ರಲ್ಲಿ ಪಾರ್ಟ್‌ನೇರ್ ಸಂಸ್ಥೆಯ ಒಂದು ಕಾನ್‌ವೇರ್ ವಿಮಾನ ಓಸ್ಲೋದಿಂದ ಹ್ಯಾಂಬರ್ಗ್‌ಗೆ ಹೋಗುವಾಗ ಸಮುದ್ರಕ್ಕೆ ಬಿದ್ದು 55 ಜನ ಸತ್ತರು. ಬಾಲದ ರೆಕ್ಕೆ ಹಿಡಿದಿದ್ದ ಪಿನ್ನುಗಳು ನಕಲಿ ಎಂದು ತನಿಖೆಯಲ್ಲಿ ಗೊತ್ತಾಯಿತು.

ರಬ್ಬರ್ ಭಾಗಗಳಿಗೆ ಆಯುಸ್ಸು ಇದೆ. ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಪ್ಯಾಕೆಟ್ ಮೇಲೆ ಕ್ಯೂರ್ ಡೇಟ್, ಅಂದರೆ ರಬ್ಬರ್ ಹದ ಮಾಡಿದ ತಾರೀಕು, ಇರುತ್ತದೆ, ಅದನ್ನು ನೋಡಿ. ಪ್ಯಾಕೆಟ್ ಒಡೆದು ಓ-ರಿಂಗ್‌ಗಳನ್ನು ಡಬ್ಬಿಗೆ ಸುರಿಯಬೇಡಿ. ಹಾಗೆ ಮಾಡಿದ ಕ್ಷಣವೇ ಅವುಗಳ ಗುರುತು ಹೋಯಿತು.

ಉಪಕರಣ

ಇದನ್ನು ಚುಟುಕಾಗಿ ಮುಗಿಸುತ್ತೇನೆ. ಪ್ರತಿ ಟೂಲ್‌ಗೂ ಬೋರ್ಡ್ ಮೇಲೆ ಅದರದ್ದೇ ಆಕಾರದ ಜಾಗ ಇರಬೇಕು. ತೆಗೆದರೆ ನಿಮ್ಮ ಟೋಕನ್ ಅಲ್ಲಿ ನೇತಾಡಬೇಕು. ಶಿಫ್ಟ್ ಮುಗಿದಾಗ ಒಂದು ಜಾಗ ಖಾಲಿ ಇದ್ದರೆ ವಿಮಾನ ಹೊರಗೆ ಹೋಗುವುದಿಲ್ಲ. ಟಾರ್ಕ್ ರೆಂಚ್ (ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಅಂತ ಅಳೆಯುವ ಸ್ಪ್ಯಾನರ್) ಮೇಲಿನ ಕ್ಯಾಲಿಬ್ರೇಷನ್ (ಅಳತೆ ಪರೀಕ್ಷೆ) ತಾರೀಕು ನೋಡಿ. ಕೆಳಗೆ ಬಿದ್ದ ಟಾರ್ಕ್ ರೆಂಚ್ ಅನ್ನು ತಾರೀಕು ಬಾಕಿ ಇದ್ದರೂ ಬಳಸಬೇಡಿ. ಸ್ಪಾರ್ಕ್ ಪ್ಲಗ್ ಕೂಡ ಹಾಗೇ. ಬಿದ್ದರೆ ಅದರ ಪಿಂಗಾಣಿ ಒಳಗೇ ಬಿರುಕು ಬಿಟ್ಟಿರುತ್ತದೆ, ಕಣ್ಣಿಗೆ ಕಾಣದು. ಕಸದ ಬುಟ್ಟಿಗೆ ಹಾಕಿ.

ಪ್ರಾಣಕ್ಕೆ ಸಂಬಂಧಿಸಿದ್ದು

ಪ್ರೊಪೆಲ್ಲರ್ ಹತ್ತಿರ ಹೋಗುವ ಮೊದಲು ಈ ಭಾಗ ಎರಡು ಸಲ ಓದಿ.

ಮ್ಯಾಗ್ನೆಟೊಗೆ ಬ್ಯಾಟರಿ ಬೇಡ. ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಕೀ ಆಫ್ ಮಾಡಿದಾಗ ಆಗುವುದು ಇಷ್ಟೆ: ಪಿ-ಲೀಡ್ ಅನ್ನುವ ಒಂದು ತಂತಿ ಮೂಲಕ ಮ್ಯಾಗ್ನೆಟೊ ಅರ್ಥ್ ಆಗುತ್ತದೆ, ಕಿಡಿ ನಿಲ್ಲುತ್ತದೆ. ಆ ತಂತಿ ಒಳಗೆ ಎಲ್ಲೋ ತುಂಡಾಗಿದ್ದರೆ? ಕೀ ನಿಮ್ಮ ಜೇಬಿನಲ್ಲಿದ್ದರೂ ಮ್ಯಾಗ್ನೆಟೊ ಜೀವಂತ. ಸಿಲಿಂಡರ್‌ನಲ್ಲಿ ಸ್ವಲ್ಪ ಪೆಟ್ರೋಲ್ ಆವಿ ಉಳಿದಿದ್ದರೆ, ನೀವು ಪ್ರೊಪೆಲ್ಲರನ್ನು ಕೈಯಿಂದ ಒಂದಿಷ್ಟು ತಳ್ಳಿದರೂ ಇಂಜಿನ್ ಒದೆಯಬಹುದು. ಕೈ ಹೋಗುತ್ತದೆ, ಕೆಲವೊಮ್ಮೆ ತಲೆ. ಮನೆಯ ಫ್ಯಾನ್‌ಗೆ ಸ್ವಿಚ್ ಆಫ್ ಅಂದರೆ ಕರೆಂಟ್ ಇಲ್ಲ. ಇಲ್ಲಿ ತಂತಿ ಕಿತ್ತರೆ ಕರೆಂಟ್ ಇದೆ ಅಂತ ಅರ್ಥ. ಪೂರ್ತಿ ಉಲ್ಟಾ, ಅಲ್ವಾ?

ಹಾಗಾಗಿ ಕ್ರಮ ಹೀಗೆ. ಚಕ್ರ ಉರುಳದಂತೆ ಚಾಕ್ (ಅಡ್ಡಗಟ್ಟೆ) ಇಡಿ. ಥ್ರಾಟಲ್ ಮುಚ್ಚಿ, ಪೆಟ್ರೋಲ್ ಬಿಡುವ ಮಿಕ್ಸ್ಚರ್ ಹಿಡಿಕೆಯನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ, ಕೀ ತೆಗೆದು ಕೆಲಸ ಮಾಡುವವರೇ ಇಟ್ಟುಕೊಳ್ಳಿ. ಕಾಕ್‌ಪಿಟ್‌ನಲ್ಲಿ ಕೆಂಪು ಬೋರ್ಡ್ ನೇತುಹಾಕಿ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ. ಆಮೇಲೆ ಸ್ಪಾರ್ಕ್ ಪ್ಲಗ್ ತಂತಿಗಳನ್ನು ತೆಗೆಯಿರಿ. ಇಷ್ಟಾದ ಮೇಲೇ ಪಿ-ಲೀಡ್ ಮುಟ್ಟುವುದು. ಕೆಲವರು ಅವಸರದಲ್ಲಿ ಪಿ-ಲೀಡ್ ಮೊದಲು ಬಿಚ್ಚುತ್ತಾರೆ. ಬಿಚ್ಚಿದ ಕ್ಷಣ ಮ್ಯಾಗ್ನೆಟೊ ಅರ್ಥ್ ಕಳೆದುಕೊಳ್ಳುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಪ್ರೊಪೆಲ್ಲರನ್ನು ಹಾವಿನ ಥರ ನೋಡಿ. ಅದು ತಿರುಗುವ ಜಾಗದಲ್ಲಿ ಸುಮ್ನೆ ನಿಂತು ಮಾತಾಡಬೇಡಿ.

ಪಕ್ಕದ ಕೆಲಸಗಳ ಎರಡು ಅಪಾಯ ಇಲ್ಲೇ ಹೇಳಿಬಿಡುತ್ತೇನೆ. ಸಣ್ಣ ವಿಮಾನದ ಚಕ್ರ ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ್ದು. ಟೈರ್ ಗಾಳಿ ಪೂರ್ತಿ ತೆಗೆಯದೆ ಆ ಬೋಲ್ಟ್ ಸಡಿಲಿಸಿದರೆ ಚಕ್ರ ಸಿಡಿಯುತ್ತದೆ. ಎರಡನೆಯದು, ಬ್ರೇಕ್‌ಗೆ ಹಾಕುವುದು ಕೆಂಪು ಬಣ್ಣದ ಹೈಡ್ರಾಲಿಕ್ ಎಣ್ಣೆ. ಕಾರಿನ ಬ್ರೇಕ್ ಆಯಿಲ್ ಹಾಕಿದರೆ ಸೀಲ್‌ಗಳು ಊದಿಕೊಂಡು ಹಾಳಾಗುತ್ತವೆ. ಇನ್ನೊಂದು, ತಿಂಡಿಗೆ ಹೋಗುವ ಮೊದಲು ಕೈ ಸೋಪು ಹಾಕಿ ತೊಳೆಯಿರಿ. ನೀಲಿ ಬಣ್ಣದ 100ಎಲ್ಎಲ್ ಪೆಟ್ರೋಲ್‌ನಲ್ಲಿ ಸೀಸ ಇದೆ. ವಡಾಪಾವ್ ಜೊತೆ ಅದನ್ನೂ ತಿನ್ನಬೇಡಿ.

ಬಿಚ್ಚುವುದು, ನೋಡುವುದು

ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಆದರೆ ವಾಪಸ್ ಕೂರಿಸುವಾಗ ಫೋಟೋ ನೋಡಿ ಕೂರಿಸಬೇಡಿ, ಮ್ಯಾನ್ಯುಯಲ್ ನೋಡಿ. ಮೇಲಿನ ಬೋಲ್ಟ್ ಕತೆ ನೆನಪಿದೆಯಲ್ಲ. ಮ್ಯಾಗ್ನೆಟೊ ಹೊರಬಂದ ಕೂಡಲೇ ಇಂಜಿನ್‌ನಲ್ಲಿ ಉಳಿಯುವ ತೂತನ್ನು ಶುಭ್ರ ಮುಚ್ಚಳದಿಂದ ಮುಚ್ಚಿ. ಆ ತೂತಿನ ಒಳಗೆ ಗೇರುಗಳಿವೆ. ಒಂದು ನಟ್ಟು ಒಳಗೆ ಬಿದ್ದರೆ ಇಂಜಿನ್ನೇ ಬಿಚ್ಚಬೇಕಾದೀತು. ತೆಗೆದ ಮ್ಯಾಗ್ನೆಟೊಗೆ ತಕ್ಷಣ ಟ್ಯಾಗ್ ಕಟ್ಟಿ: ಯಾವ ವಿಮಾನ, ಎಡವೋ ಬಲವೋ, ಎಷ್ಟು ಗಂಟೆ, ಯಾಕೆ ತೆಗೆದದ್ದು. ಊಟ ಆದ ಮೇಲೆ ಕಟ್ಟೋಣ ಅನ್ನಬೇಡಿ.

ಕೌಲಿಂಗ್ ತೆರೆದಿದೆ, ಸುತ್ತಲೂ ಒಮ್ಮೆ ನೋಡಿ. ಕರಾವಳಿಯವರಿಗೆ ಉಪ್ಪುಗಾಳಿ ಏನು ಮಾಡುತ್ತದೆ ಅಂತ ಹೇಳಿಕೊಡಬೇಕಿಲ್ಲ. ನಮ್ಮ ಮನೆಯ ಕಿಟಕಿ ಸರಳು ವರ್ಷಕ್ಕೊಮ್ಮೆ ಬಣ್ಣ ಕಾಣದಿದ್ದರೆ ಪುಡಿಪುಡಿ. ಜುಹೂ ರನ್‌ವೇಯಿಂದ ಸಮುದ್ರ ಕೂಗಳತೆ ದೂರ. ಅಲ್ಲಿ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಬಣ್ಣದ ಕೆಳಗೆ ಗುಳ್ಳೆ ಕಂಡರೆ ತುಕ್ಕು ಶುರುವಾಗಿದೆ ಅಂತ ಲೆಕ್ಕ. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂಗೆ ತಾಗುವ ಕಡೆ ಇನ್ನೂ ಬೇಗ, ಯಾಕೆಂದರೆ ಎರಡು ಲೋಹ, ನಡುವೆ ಉಪ್ಪು ನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ತೇವ ಹೆಚ್ಚಿರುವ ಕಡೆ ಹೊಸ ಇಂಜಿನ್ ಎರಡೇ ದಿನ ಸುಮ್ಮನೆ ನಿಂತರೂ ಸಿಲಿಂಡರ್ ಗೋಡೆಗೆ ತುಕ್ಕು ಹಿಡಿಯಬಹುದು ಅಂತ ಇಂಜಿನ್ ತಯಾರಿಸುವ ಲೈಕಮಿಂಗ್ ಕಂಪನಿಯೇ ಹೇಳುತ್ತದೆ. ಮಳೆಗಾಲದಲ್ಲಿ ಹಾರಾಟ ಇಲ್ಲ, ನೆಲದ ಮೇಲೆ ಹತ್ತು ನಿಮಿಷ ಓಡಿಸಿ ನಿಲ್ಲಿಸೋಣ ಅನ್ನುವವರು ಇದ್ದಾರೆ. ಅದರಿಂದ ಕೆಡುಕೇ ಜಾಸ್ತಿ. ಎಣ್ಣೆ ಸಾಕಷ್ಟು ಕಾಯದೆ ಒಳಗಿನ ನೀರು ಆವಿಯಾಗಿ ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ತುಂಬಾ ದಿನ ನಿಲ್ಲಿಸುವುದಾದರೆ ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆ ಪ್ರಿಸರ್ವೇಷನ್, ಅಂದರೆ ತುಕ್ಕು ಹಿಡಿಯದ ಹಾಗೆ ಕಾಪಾಡುವ ವ್ಯವಸ್ಥೆ, ಮಾಡಿ.

ಬಾರಾಮತಿಯಲ್ಲಿ ಉಪ್ಪಿನ ಕಾಟ ಇಲ್ಲ, ಧೂಳಿನ ಕಾಟ. ಅಲ್ಲಿ ಏರ್ ಫಿಲ್ಟರ್ ಮೇಲೆ ಕಣ್ಣಿಡಿ.

ಬಿರುಕು ಕಂಡ ಕಡೆ ಗುರುತು ಹಾಕಲು ಪೆನ್ಸಿಲ್ ಬಳಸಬೇಡಿ, ಅದರಲ್ಲೂ ಎಕ್ಸಾಸ್ಟ್ ಕೊಳವೆ ಮೇಲೆ. ಪೆನ್ಸಿಲ್‌ನ ಇಂಗಾಲ ಬಿಸಿಗೆ ಲೋಹದೊಳಗೆ ಇಳಿದು ಅದೇ ಗೆರೆಯಲ್ಲಿ ಸೀಳು ಬರುತ್ತದೆ.

ಕೂರಿಸುವುದು

ಹೊಸ ಗ್ಯಾಸ್ಕೆಟ್. ಹಳೆಯದು ಚೆನ್ನಾಗಿದೆ ಅನಿಸಿದರೂ ಹೊಸದೇ. ಸ್ಲಿಕ್ ಕಂಪನಿಯ ಮ್ಯಾಗ್ನೆಟೊ ಆದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹೊಂದಿಸಲು ಅದರ ತೂತಿಗೆ ಒಂದು ಪಿನ್ ಹಾಕುತ್ತಾರೆ. ಇಂಜಿನ್ ಎಷ್ಟು ಡಿಗ್ರಿಗೆ ನಿಲ್ಲಬೇಕು ಅನ್ನುವುದು ಇಂಜಿನ್ ಪ್ಲೇಟ್ ಮೇಲೆ ಕೊರೆದಿದೆ. ನೆನಪಿನಿಂದ ಹೇಳಬೇಡಿ, ಬಗ್ಗಿ ಓದಿ. ಮ್ಯಾಗ್ನೆಟೊ ಕೂರಿಸಿದ ಮೇಲೆ ಪ್ರೊಪೆಲ್ಲರ್ ತಿರುಗಿಸುವ ಮೊದಲು ಆ ಪಿನ್ ತೆಗೆಯಲೇಬೇಕು. ಮರೆತರೆ ಒಳಗಿನ ಭಾಗ ಮುರಿಯುತ್ತದೆ. ನಾನು ಆ ಪಿನ್‌ಗೆ ಒಂದು ಮೊಳ ಕೆಂಪು ರಿಬ್ಬನ್ ಕಟ್ಟಿದ್ದೇನೆ. ಎಲ್ಲರೂ ನಗುತ್ತಾರೆ, ನಗಲಿ.

ಟಾರ್ಕ್ ಲೆಕ್ಕದಲ್ಲಿ ಹೊಸಬರು ಎಡವುವುದು ಎಕ್ಸ್‌ಟೆನ್ಷನ್ ಹಾಕಿದಾಗ. ರೆಂಚ್‌ನ ನೇರಕ್ಕೆ ಉದ್ದ ಸೇರಿಸಿದರೆ ಬೋಲ್ಟ್‌ಗೆ ಬೀಳುವ ಬಲ ಹೆಚ್ಚುತ್ತದೆ. ಬೇಕಾದ್ದು 140 ಇಂಚ್-ಪೌಂಡ್, ರೆಂಚ್ ಉದ್ದ 10 ಇಂಚು, ಸೇರಿಸಿದ್ದು 4 ಇಂಚು ಅಂದುಕೊಳ್ಳಿ. 140ನ್ನು 10ರಿಂದ ಗುಣಿಸಿ 14ರಿಂದ ಭಾಗಿಸಿ. ಬರುವುದು 100. ರೆಂಚ್ 100ಕ್ಕೆ ಇಡಬೇಕು. 140ಕ್ಕೇ ಇಟ್ಟರೆ ಬೋಲ್ಟ್ ಮೇಲೆ 196 ಬೀಳುತ್ತದೆ.

ಬೋಲ್ಟ್ ಸಡಿಲವಾಗದಂತೆ ಲಾಕ್‌ವೈರ್ ಸುತ್ತುವಾಗ ತಂತಿಯ ಎಳೆತ ಬೋಲ್ಟ್ ಬಿಗಿಯಾಗುವ ಕಡೆಗೆ ಇರಬೇಕು. 0.032 ಇಂಚಿನ ತಂತಿಗೆ ಇಂಚಿಗೆ 6ರಿಂದ 8 ತಿರುವು. ಇನ್ನೂ ಬಿಗಿ ಮಾಡಿದರೆ ತಂತಿ ದುರ್ಬಲವಾಗುತ್ತದೆ. ತುದಿ ಮಡಚಿ, ಇಲ್ಲದಿದ್ದರೆ ಮುಂದೆ ಕೈ ಹಾಕುವವನ ಬೆರಳು ಸೀಳುತ್ತದೆ. ಕತ್ತರಿಸಿದ ಚೂರನ್ನು ಕೈಯಲ್ಲಿ ಹಿಡಿದೇ ಕತ್ತರಿಸಿ, ಹಾರಲು ಬಿಡಬೇಡಿ. ಲಾಕ್‌ವೈರ್, ನಟ್ಟಿನ ತೂತಿಗೆ ಹಾಕಿ ಕಾಲು ಮಡಚುವ ಸ್ಪ್ಲಿಟ್ ಪಿನ್ ಎರಡೂ ಒಂದೇ ಸಲದ ಬಳಕೆಗೆ. ಸ್ಪ್ಲಿಟ್ ಪಿನ್ ತೂತು ಹೊಂದದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸಿ ಹೊಂದಿಸಬೇಡಿ. ಟಾರ್ಕ್ ಮಿತಿಯೊಳಗೆ ಮುಂದಕ್ಕೆ ಬಿಗಿಮಾಡಿ ನೋಡಿ, ಆಗದಿದ್ದರೆ ವಾಷರ್ ಬದಲಿಸಿ. ನೈಲಾನ್ ಇರುವ ಸ್ವಯಂ ಲಾಕ್ ನಟ್ಟು ಬೆರಳಿನಿಂದ ಸಲೀಸಾಗಿ ತಿರುಗಿದರೆ ಅದರ ಕತೆ ಮುಗಿದಿದೆ.

ಎರಡೂ ಮ್ಯಾಗ್ನೆಟೊ ಕೆಲಸ ಒಂದೇ ದಿನ ಬಂದರೆ ಒಬ್ಬರೇ ಎರಡನ್ನೂ ಮಾಡಬೇಡಿ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು ಕೊಟ್ಟಿದ್ದಾರೆ. ಒಬ್ಬರೇ ಮಾಡಿದರೆ ಒಂದೇ ತಪ್ಪು ಎರಡು ಕಡೆ ಆಗುತ್ತದೆ. ರೆಕ್ಕೆ, ಬಾಲದ ಕಂಟ್ರೋಲ್ ಕೇಬಲ್‌ಗಳನ್ನು ಮುಟ್ಟಿದರೆ ನಿಯಮ ಇನ್ನೂ ಬಿಗಿ. ಮಾಡದೇ ಇದ್ದ ಇನ್ನೊಬ್ಬರು ಬೇರೆಯಾಗಿ ಬಂದು ನೋಡಿ ಸಹಿ ಹಾಕಬೇಕು. ಅವರಿಗೆ ಪಕ್ಕದಲ್ಲಿ ನಿಂತು ವಿವರಣೆ ಕೊಡಬೇಡಿ. ಅವರ ಕಣ್ಣಿಂದ ಅವರು ನೋಡಲಿ.

ಓಡಿಸಿ ನೋಡಿ, ಬರೆದಿಡಿ

ಟೂಲ್ ಎಣಿಸಿ, ಕೌಲಿಂಗ್ ಮುಚ್ಚಿ, ಹೊರಗೆ ಎಳೆದು ಗ್ರೌಂಡ್ ರನ್ ಮಾಡಿ. ಸೆಸ್ನಾ 172 ಎಸ್ ಮಾದರಿಯಲ್ಲಿ 1800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1800 ಸುತ್ತು) ಒಂದೊಂದೇ ಮ್ಯಾಗ್ನೆಟೊ ಮೇಲೆ ಓಡಿಸಿದಾಗ ಸುತ್ತಿನ ಇಳಿಕೆ 150 ದಾಟಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಒಂದು ವೇಳೆ ಇಳಿಕೆ ಸೊನ್ನೆ ಬಂದರೆ ಖುಷಿ ಪಡಬೇಡಿ. ಆ ಕಡೆ ಅರ್ಥ್ ಆಗುತ್ತಿಲ್ಲ ಅಂತ ಇರಬಹುದು, ಅಂದರೆ ಪಿ-ಲೀಡ್ ಸರಿ ಕೂತಿಲ್ಲ. ಇಂಜಿನ್ ನಿಲ್ಲಿಸಿ ಮೊದಲಿನಿಂದ ನೋಡಿ.

ಆಮೇಲೆ ಲಾಗ್‌ಬುಕ್. ತಾರೀಕು, ಗಂಟೆ, ತೆಗೆದ ಮತ್ತು ಹಾಕಿದ ಪಾರ್ಟ್‌ನ ನಂಬರ್‌ಗಳು, ಫಾರ್ಮ್‌ನ ನಂಬರ್, ಮ್ಯಾನ್ಯುಯಲ್‌ನ ಯಾವ ಅಧ್ಯಾಯ, ಯಾವ ಆವೃತ್ತಿ, ಟಾರ್ಕ್ ರೆಂಚ್‌ನ ನಂಬರ್ ಕೂಡ. "ಮ್ಯಾಗ್ನೆಟೊ ಬದಲಿಸಲಾಗಿದೆ" ಅಂತ ಒಂದು ಸಾಲು ಗೀಚಿದರೆ ಮುಂದೆ ಓದುವವನಿಗೆ ಏನೂ ತಿಳಿಯುವುದಿಲ್ಲ. ತಪ್ಪು ಬರೆದರೆ ವೈಟ್ನರ್ ಬೇಡ. ಒಂದು ಗೆರೆ ಎಳೆದು, ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿ ಬರೆದು ಸಹಿ ಹಾಕಬೇಕು. ಕೆಲಸ ಅರ್ಧಕ್ಕೆ ಬಿಟ್ಟು ಲೋಕಲ್ ಟ್ರೇನ್ ಹಿಡಿಯಬೇಕಾದರೆ ಎಲ್ಲಿಗೆ ನಿಲ್ಲಿಸಿದಿರಿ ಅಂತ ಬರೆದಿಟ್ಟೇ ಹೋಗಿ. ಮುಂದಿನ ಶಿಫ್ಟ್‌ನವನಿಗೆ ಬಾಯಿಮಾತಲ್ಲಿ ಹೇಳಿದ್ದು ಅಂಧೇರಿ ದಾಟುವಷ್ಟರಲ್ಲಿ ನಿಮಗೇ ಮರೆತಿರುತ್ತದೆ. ಇಷ್ಟಾದ ಮೇಲೆ ಲೈಸೆನ್ಸ್ ಇದ್ದ ಇಂಜಿನಿಯರ್ ರಿಲೀಸ್ ಸರ್ಟಿಫಿಕೇಟ್‌ಗೆ ಸಹಿ ಹಾಕುತ್ತಾರೆ.

ಇನ್ನು ಉಳಿದದ್ದು ಹಳೇ ಪಾರ್ಟ್‌ಗಳು. ರಿಪೇರಿ ಆಗುವಂಥದ್ದು ಟ್ಯಾಗ್ ಸಮೇತ ಬೇರೆ ಕಪಾಟಿಗೆ. ಆಗದೇ ಇರುವುದನ್ನು ಇಡಿಯಾಗಿ ಗುಜರಿಗೆ ಕೊಡಬಾರದು. ಗುಜರಿಯಿಂದ ಅದು ಪಾಲಿಶ್ ಆಗಿ, ಹೊಸ ಪ್ಯಾಕೆಟ್‌ನಲ್ಲಿ ಯಾರದ್ದೋ ಸ್ಟೋರ್ ಬಾಗಿಲಿಗೆ ಬರಬಹುದು. ಅದಕ್ಕೇ ನಮ್ಮ ಹ್ಯಾಂಗರ್‌ನ ಮೂಲೆಯಲ್ಲಿ ಒಂದು ವೈಸ್, ಒಂದು ಹ್ಯಾಕ್‌ಸಾ ಇದೆ. ನಂಬರ್ ಪ್ಲೇಟ್ ಕಿತ್ತು, ಪಾರ್ಟನ್ನು ಎರಡು ತುಂಡು ಮಾಡಿ, ತುಂಡು ಮಾಡಿದ್ದನ್ನೂ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ಗುಜರಿಯವನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿರುತ್ತಾನೆ. ಕೊಯ್ದು ಮುಗಿಯುವವರೆಗೆ ಕಾಯುತ್ತಾನೆ, ಅವನಿಗೂ ಅಭ್ಯಾಸ ಆಗಿದೆ.